ಹೂಂ ಮೇಷ್ಟ್ರು ಡೆವಲಪರ್ ಹುಡುಕಿದ್ದು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಊರೆಲ್ಲಾ ಹೂಂ ಮೇಷ್ಟ್ರು ಅಂತಾನೇ ಹೆಸರು. ಅವರ ಬಾಯಲ್ಲಿ 'ಇಲ್ಲ' ಅನ್ನೋ ಮಾತು ಹುಟ್ಟೇ ಇರ್ಲಿಲ್ಲ. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋರು ಇರ್ತಾರಲ್ಲ, ಇವರು ಅವರಿಗಿಂತ ಒಂದು ಕೈ ಮೇಲೆ. ಕರು ಗಂಡೋ ಹೆಣ್ಣೋ ಅಂತ ವಿಚಾರಿಸಿ, ಅದಕ್ಕೊಂದು ಹೆಸರೂ ಇಟ್ಟು ಬರೋ ಪೈಕಿ.

ಬಾಯಿ ಹಂಗೆ, ಕಾಲು ಬೇರೆ ಥರ. ಕಲಿಸೋರು ಕೂರೋ ಸೀಟಿನ ಮುಂದೆ ಇನ್ನೊಂದು ಬ್ರೇಕ್ ಇರುತ್ತಲ್ಲ, ಅದನ್ನ ಒತ್ತಿ ಒತ್ತಿ ಮೇಷ್ಟ್ರ ಬಲಗಾಲಿಗೆ ಅದು ಬಿಟ್ಟು ಬೇರೆ ವಿದ್ಯೆ ಇಲ್ಲ. ಸಿನಿಮಾದಲ್ಲಿ ಕಾರು ಜೋರಾಗಿ ಬಂದ್ರೆ ಮುಂದಿನ ಸೀಟಿನೋರ ಬೆನ್ನಿಗೆ ಒದೆ ಬೀಳ್ತಿತ್ತು. ಒಂದ್ಸಲ ಕ್ಷೌರದಂಗಡಿಯವನು ಕತ್ತರಿ ಸ್ವಲ್ಪ ಬೇಗ ಆಡಿಸ್ದ ಅಂತ ಆ ಕಾಲು ಎಷ್ಟು ಜೋರಾಗಿ ಒತ್ತಿತು ಅಂದ್ರೆ, ಕುರ್ಚಿ ಸಮೇತ ಮೇಷ್ಟ್ರು ಕನ್ನಡಿ ಒಳಗಡೆ ಹೋಗಿ ವಾಪಸ್ ಬಂದ್ರಂತೆ. ಅವತ್ತಿಂದ ಕ್ಷೌರದೋನು ಅವರನ್ನ ನಿಲ್ಲಿಸ್ಕೊಂಡೇ ಕೂದ್ಲು ಕತ್ತರಿಸೋದು.

ಸ್ಕೂಲಲ್ಲಿ ಅರ್ಧ ಮೇಷ್ಟ್ರದು, ಅರ್ಧ ಅವರ ಅಕ್ಕಂದು. ಅಪ್ಪ ಬಿಟ್ಟುಹೋದ ಅಂಗಳ, ಅಪ್ಪ ಬಿಟ್ಟುಹೋದ ಕಾರುಗಳು. ಅಕ್ಕ ಬಾಗಿಲ ಹತ್ರ ಕೌಂಟರಲ್ಲಿ ಕೂತು ಯಾರಿಗೆ ಯಾವ ಹೊತ್ತಿಗೆ ಪಾಠ ಅಂತ ನೋಡ್ಕೋತಿದ್ಳು. ಅಕ್ಕನ ನಾಲಿಗೆ ಹೆಂಗೆ ಅಂದ್ರೆ, ಅದನ್ನ ತೋರ್ಸಿದ್ರೆ ಸಾಕು ಚಾಕು ತಾನಾಗೇ ಹರಿತ ಆಗ್ತಿತ್ತು.

ಎಲ್ಲಾ ಸರಿಯಾಗೇ ನಡೀತಿತ್ತು, ಕಂಪ್ಯೂಟರ್ ಬರೋವರ್ಗೂ. ಅಕ್ಕನ ಮೈದುನನ ಸ್ನೇಹಿತ ಒಬ್ಬ ಬಂದು, ಕಲಿಯೋರು ಫೋನಲ್ಲೇ ಹೊತ್ತು ಗುರುತು ಮಾಡ್ಕೊಳ್ಳೋ ಹಂಗೆ ಒಂದು ಸಾಫ್ಟ್‌ವೇರ್ ಮಾಡಿಕೊಟ್ಟ. ಕೊಟ್ಟೋನು, ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ ಅಂತ ಫೋನ್ ನಂಬರೇ ಬದಲಾಯಿಸ್ಕೊಂಡು ಮಾಯ ಆದ. ಸ್ವಲ್ಪ ದಿನ ಚೆನ್ನಾಗೇ ಇತ್ತು. ಆಮೇಲೆ ಸ್ಕೂಲಿಗೆ ಜನ ಜಾಸ್ತಿ ಆದ್ರು ನೋಡಿ, ಸಾಫ್ಟ್‌ವೇರಿಗೆ ತಲೆ ಕೆಡ್ತು.

ಒಂದಿನ ಬೆಳಿಗ್ಗೆ ಆರು ಗಂಟೆಗೆ ಮೇಷ್ಟ್ರು ಬಾಗ್ಲು ತೆಗೆದ್ರೆ ಅಂಗಳದ ತುಂಬಾ ಜನ. ಎಲ್ಲರ ಫೋನಲ್ಲೂ ಒಂದೇ ಸಂದೇಶ: ನಿಮ್ಮ ಪಾಠ ಆರು ಗಂಟೆಗೆ, ಬಿಳಿ ಕಾರು.

ಬೇರೆ ಯಾರೇ ಆಗಿದ್ರೂ ಒಬ್ಬರನ್ನ ಇಟ್ಕೊಂಡು ಉಳಿದೋರನ್ನ ಮನೆಗೆ ಕಳಿಸ್ತಿದ್ರು. ಮೇಷ್ಟ್ರು? ಎಲ್ಲರಿಗೂ ಹೂಂ ಅಂದ್ರು. ಬಿಳಿ ಕಾರಿಗೆ ಎಲ್ಲರನ್ನೂ ತುಂಬಿದ್ರು. ಸ್ಟೇರಿಂಗ್ ಒಬ್ಬರಿಗೆ, ಕ್ಲಚ್ ಇನ್ನೊಬ್ಬರಿಗೆ, ಎಡಗಡೆ ಕನ್ನಡಿ ನೋಡೋಕೆ ಅವಳಿ ಜವಳಿ ಅಕ್ಕತಂಗಿ. ಹಾರನ್ನು ರಿಟೈರ್ ಆದ ಸಂಗೀತದ ಮೇಷ್ಟ್ರಿಗೆ ಸಿಕ್ತು. ಅವರು ಅದನ್ನ ಶ್ರುತಿ ಹಿಡಿದೇ ಹೊಡೆದ್ರು. ಬೀದಿಯ ನಾಯಿಗಳೆಲ್ಲಾ ಸಾಲಾಗಿ ಕೂತು ತಲೆದೂಗಿದ್ವು. ಗೇರ್ ಸಿಕ್ಕಿದ್ದು ಹಲ್ಲಿನ ಡಾಕ್ಟರಿಗೆ. ಅವರು ಅಭ್ಯಾಸಬಲದಿಂದ ಒಂದೇ ಎಳೆತಕ್ಕೆ ಬೇರು ಸಮೇತ ಕಿತ್ತು ಕೈಗೆ ತಗೊಂಡು, "ಬಾಯಿ ಮುಕ್ಕಳಿಸಿ," ಅಂದ್ರು.

ಗೇರಿಲ್ಲದ ಕಾರನ್ನ ಎಲ್ಲಾ ಸೇರಿ ತಳ್ಕೊಂಡು ವಾಪಸ್ ಬಂದಾಗ ಅಕ್ಕ ಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಕೊಂಡು ನಿಂತಿದ್ಳು.

"ಸಾಕಾಯ್ತು ಕಣೋ ನಂಗೆ. ದಿನಾ ಬೈಸ್ಕೊಳ್ಳೋಳು ನಾನು, ಹೂಂ ಅನ್ನೋನು ನೀನು. ಪಕ್ಕದ ಕಾರು ತೊಳೆಯೋ ಅಂಗಡಿಯವನು ನನ್ನ ಪಾಲು ಕೇಳ್ತಿದ್ದಾನೆ. ಅರ್ಧ ಅಂಗಳ, ನನ್ನ ಕಾರು, ಎಲ್ಲಾ. ಶನಿವಾರ ಬರ್ತಾನೆ. ಮಗಳ ಮನೆಗೆ ಹೋಗಿ ಆರಾಮಾಗಿ ಇದ್ಬಿಡ್ತೀನಿ. ಮಾರ್ಲಾ?"

"ಹೂಂ ಅಕ್ಕ. ನಿನ್ನಿಷ್ಟ," ಅಂದ್ಬಿಟ್ರು ಮೇಷ್ಟ್ರು.

ಅಂದ್ಮೇಲೆ ಕೂತು ಲೆಕ್ಕ ಹಾಕಿದ್ರು. ಅರ್ಧ ಅಂಗಳ ಹೋದ್ರೆ ಕಾರು ತಿರುಗ್ಸೋಕೆ ಜಾಗ ಎಲ್ಲಿ? ಸ್ಕೂಲು ಮುಚ್ಚಿದ್ರೆ ಈ ಕಾಲು ಇಟ್ಕೊಂಡು ಯಾವ ಕೆಲಸಕ್ಕೆ ಹೋಗೋದು? ಅದೆಲ್ಲಾ ಹಾಳಾಗ್ಲಿ, ಅಕ್ಕ ಇಲ್ದಿರೋ ಕೌಂಟರ್ ಹೆಂಗಿರುತ್ತೆ ಅಂತ ಯೋಚ್ನೆ ಬಂತು. ಆದ್ರೆ ಆಡಿದ ಮಾತು ಒಡೆದ ಮೊಟ್ಟೆ.

ಅಕ್ಕ ಮುಖ ಆಕಡೆ ತಿರುಗಿಸ್ಕೊಂಡು, "ಶನಿವಾರದೊಳಗೆ ಆ ಕಂಪ್ಯೂಟರ್ ಸರಿ ಮಾಡೋರು ಸಿಕ್ರೆ ಆಮೇಲೆ ನೋಡೋಣ," ಅಂದು ಒಳಗೆ ಹೋದ್ಳು.

ಮೇಷ್ಟ್ರು ಅವತ್ತೇ ಫೋನ್ ಹಿಡ್ಕೊಂಡು ಕೂತ್ರು. ಯಾರ ನೌಕರೀಲೂ ಇಲ್ದೆ, ಕರೆದೋರಿಗೆ ಸಾಫ್ಟ್‌ವೇರ್ ಕೆಲಸ ಮಾಡಿಕೊಡೋ ಫ್ರೀಲಾನ್ಸ್ ಡೆವಲಪರ್‌ಗಳು ಸಿಗೋ ಒಂದು ವೆಬ್‌ಸೈಟ್ ಇತ್ತು. ಅದರಲ್ಲಿ ಹಾಕಿದ್ರು: ಡೆವಲಪರ್ ಬೇಕು, ಅರ್ಜೆಂಟ್. ಚಹಾ ಆರೋದ್ರೊಳಗೆ ಅರ್ಜಿಗಳ ಮಳೆ. ಒಬ್ಬೊಬ್ಬರಿಗೂ ಐದೈದು ನಕ್ಷತ್ರ. ಆಕಾಶದಲ್ಲಿ ಅಷ್ಟು ನಕ್ಷತ್ರ ಇದ್ದಿದ್ರೆ ಬೀದಿ ದೀಪ ಬೇಕಾಗ್ತಿರ್ಲಿಲ್ಲ. ಎಲ್ಲರೂ ಮಹಾ ಅನುಭವಸ್ಥರು, ಎಲ್ಲರಿಗೂ ಎಲ್ಲಾ ಬರುತ್ತೆ, ಎಲ್ಲರೂ ನಾಳೇನೇ ಮುಗಿಸ್ತಾರೆ. ಒಬ್ಬನಂತೂ ನಿನ್ನೇನೇ ಮುಗಿಸಿಕೊಡ್ತೀನಿ ಅಂತ ಬರೆದಿದ್ದ.

ಸಾಯಂಕಾಲ ಅಕ್ಕ ಬಂದು ನೋಡ್ತಾಳೆ, ಮೇಷ್ಟ್ರು ಎಲ್ಲರಿಗೂ ಹೂಂ ಅಂತ ಕಳಿಸ್ಬಿಟ್ಟಿದ್ದಾರೆ.

"ಅಯ್ಯೋ ನನ್ನ ಕರ್ಮವೇ! ಬಿಳಿ ಕಾರಿಗೆ ಜನ ತುಂಬಿದ್ದು ಸಾಲ್ದಾ, ಈಗ ಕಂಪ್ಯೂಟರಿಗೂ ತುಂಬ್ತೀಯಾ?" ಅಂತ ಫೋನ್ ಕಿತ್ಕೊಂಡ್ಳು. "ಯಾರು ಒಳ್ಳೆಯೋರು ಅಂತ ಹೆಂಗೋ ಗೊತ್ತಾಗೋದು ನಿಂಗೆ?"

"ಎಲ್ಲರೂ ಒಳ್ಳೆಯೋರ ಥರಾನೇ ಕಾಣ್ತಾರಕ್ಕ."

"ನಿಂಗೆ ಹಂಗೇ ಕಾಣೋದು. ಮನುಷ್ಯ ಎಂಥೋನು ಅಂತ ನಿಂಗೆ ತಿಳಿಯೋ ಜಾಗ ಪ್ರಪಂಚದಲ್ಲಿ ಒಂದೇ. ಕಾರಿನ ಸೀಟು. ಬಾಯಿ ಹೂಂ ಅಂದ್ರೂ ನಿನ್ನ ಕಾಲು ಸುಳ್ಳು ಹೇಳಲ್ಲ. ಎಲ್ಲರನ್ನೂ ಕರೆಸಿ ಸ್ಟೇರಿಂಗ್ ಮುಂದೆ ಕೂರ್ಸು."

ಮೇಷ್ಟ್ರಿಗೆ ಜ್ಞಾನೋದಯ ಆದಂಗಾಯ್ತು. ಜಾಹೀರಾತಿನ ಕೆಳಗೆ ಇನ್ನೊಂದು ಸಾಲು ಸೇರಿಸಿದ್ರು: ಡ್ರೈವಿಂಗ್ ಟೆಸ್ಟ್ ಕಡ್ಡಾಯ. ನಕ್ಷತ್ರದೋರೆಲ್ಲಾ ಮೋಡದ ಹಿಂದೆ ಹೋದ್ರು. ಉಳಿದೋರು ಕೆಲವೇ ಜನ.

ಮೊದಲು ಬಂದೋನು ಕಪ್ಪು ಕನ್ನಡಕದೋನು. ಬಂದೋನೇ ಹಳೇ ಕೆಂಪು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕ್ದ. ಚಕ್ರಕ್ಕೆ ಒಂದು ಒದ್ದ. ಬಾನೆಟ್ ಎತ್ತಿ ಮೂಗು ಮುಚ್ಕೊಂಡ.

"ಯಾರು ಮಾಡಿದ್ದು ಇದನ್ನ?"

"ಫ್ಯಾಕ್ಟರೀಲಿ ಮಾಡಿದ್ದು," ಅಂದ್ರು ಮೇಷ್ಟ್ರು.

"ಪೂರ್ತಿ ತಪ್ಪಾಗಿ ಮಾಡಿದ್ದಾರೆ. ರಿಪೇರಿ ಮಾಡೋಕಾಗಲ್ಲ. ಎಲ್ಲಾ ಬಿಚ್ಚಿ ಮೊದಲಿಂದ ಹೊಸ ಕಾರೇ ಮಾಡ್ಬೇಕು."

"ಒಂದು ರೌಂಡ್ ಓಡಿಸಿದ್ರೆ ಸಾಕಾಗಿತ್ತು."

"ಓಡ್ಸೋದು ಆಮೇಲೆ ಸಾರ್. ಮೊದಲು ಬಿಚ್ಚೋಣ." ಜೇಬಿಂದ ಸ್ಪ್ಯಾನರ್ ತೆಗೆದೇಬಿಟ್ಟ. ಅಕ್ಕ ಪೊರಕೆ ತಗೊಂಡು ಬರದೇ ಇದ್ದಿದ್ರೆ ಅಂಗಳದ ತುಂಬಾ ನಟ್ಟು ಬೋಲ್ಟು ಇರ್ತಿತ್ತು.

ಎರಡನೆಯವನು ಬೇರೆ ದೇಶದೋನು, ಬರೋಕಾಗಲ್ಲ ಅಂದ. ಸರಿ, ನಿಮ್ಮೂರಲ್ಲೇ ಓಡಿಸಿ, ವೀಡಿಯೋದಲ್ಲಿ ನೋಡ್ತೀನಿ ಅಂದ್ರು ಮೇಷ್ಟ್ರು. ಅವನು ಫೋನನ್ನ ಮುಂದುಗಡೆ ಇಟ್ಕೊಂಡು ಹೆದ್ದಾರಿಗೆ ಹೊರಟ. ಏನು ಸ್ಪೀಡು ಅಂತೀರಿ! ಇಲ್ಲಿ ಕುರ್ಚೀಲಿ ಕೂತ ಮೇಷ್ಟ್ರ ಕಾಲು ಟೇಬಲ್ ಕೆಳಗೆ ಒತ್ತಿದ್ದೇ ಒತ್ತಿದ್ದು. ಕೊನೆಗೆ ಒಂದು ಲಾರಿ ಅಡ್ಡ ಬಂತು. ಮೇಷ್ಟ್ರು ಕಣ್ಮುಚ್ಚಿ ಒಂದು ಒತ್ತು ಒತ್ತಿದ್ರು ನೋಡಿ, ಏಳು ಸಮುದ್ರ ಆಚೆ ಕಾರು ಗಕ್ಕನೆ ನಿಂತೋಯ್ತು. "ಸಾರ್, ಇದು ಹೆಂಗೆ ನಿಂತಿತು?" ಅಂತ ಅವನು ಬೆವರು ಒರೆಸ್ಕೊಂಡು ಕೇಳ್ದ. ಟೇಬಲ್ ಕೆಳಗಿನ ಹಲಗೆ ಮುರಿದಿತ್ತು. ಇವನು ಬೇಡ ಅಂತ ಮೇಷ್ಟ್ರ ಬದಲು ಅಕ್ಕಾನೇ ಹೇಳಿ ಫೋನ್ ಇಟ್ಟಳು.

ಹಿಂಗೇ ಶನಿವಾರ ಬಂದೇಬಿಡ್ತು. ಮೇಷ್ಟ್ರು ಕೊನೇ ಡೆವಲಪರಿಗೆ ಕಾಯ್ತಾ ಗೇಟಿಗೆ ಆತ್ಕೊಂಡು ನಿಂತಿದ್ರು, ಮುಖ ಗಾಳಿ ಹೋದ ಟಯರ್. ಅಷ್ಟರಲ್ಲಿ ಒಂದು ಟ್ಯಾಕ್ಸಿ ಬಂತು. ಗೇಟಿನ ಹತ್ರ ಕಸದ ತೊಟ್ಟಿಗೂ ಕರೆಂಟ್ ಕಂಬಕ್ಕೂ ಮಧ್ಯೆ ಬೆಕ್ಕು ಕೂಡ ಉಸಿರು ಹಿಡ್ಕೊಂಡೇ ನುಸುಳೋದು. ಆ ಸಂದೀಲಿ ಟ್ಯಾಕ್ಸಿ ಒಂದೇ ತಿರುವಿಗೆ, ಬೆಣ್ಣೇಲಿ ಕೂದಲು ಎಳೆದಂಗೆ ಒಳಗೆ ಬಂದು ನಿಂತಿತು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಟ್ಯಾಕ್ಸಿಯಿಂದ ಮೀಸೆಯ ದೊಡ್ಡ ಆಳೊಬ್ಬ ಇಳಿದ.

"ಬನ್ನಿ ಬನ್ನಿ! ನಿಮಗೇ ಕಾಯ್ತಿದ್ದೆ," ಅಂತ ಮೇಷ್ಟ್ರು ಓಡಿ ಹೋಗಿ ಕೈ ಹಿಡ್ಕೊಂಡ್ರು. "ನಮ್ಮ ಕಾರಲ್ಲಿ ಒಂದು ರೌಂಡ್ ಹೋಗ್ಬರೋಣ. ಟೆಸ್ಟ್ ಅಷ್ಟೇ."

"ನಂಗಾ ಸಾರ್?"

"ಇನ್ಯಾರಿಗೆ?"

ಕೆಂಪು ಕಾರಲ್ಲಿ ಬೀದಿ ಸುತ್ತಿ ಬಂದ್ರು. ಸ್ಕೂಲು ಶುರುವಾದ ಮೇಲೆ ಮೊದಲ ಸಲ ಮೇಷ್ಟ್ರ ಬಲಗಾಲು ಅಲುಗಾಡಲಿಲ್ಲ. ಸುಮ್ನಿತ್ತು ಅಷ್ಟೇ ಅಲ್ಲ, ತಿರುವು ಬರೋ ಹೊತ್ತಿಗೆ ಜೋಮು ಹಿಡಿದು ನಿದ್ದೆ ಹೋಗಿತ್ತು.

"ಕೆಲಸ ನಿಮ್ದೇ. ಈಗ್ಲೇ ಶುರು ಮಾಡ್ತೀರಾ?"

ಮೀಸೆಯಣ್ಣನಿಗೆ ಆಶ್ಚರ್ಯ. ದಿನವಿಡೀ ಟ್ಯಾಕ್ಸಿ ಓಡ್ಸಿ ಬೇಜಾರಾಗಿತ್ತು ಪಾಪ. ಡ್ರೈವಿಂಗ್ ಸ್ಕೂಲಿನೋರು ಕರೆದು ಕೆಲಸ ಕೊಡ್ತಿದ್ದಾರೆ, ಕಲಿಸೋ ಕೆಲಸಾನೇ ಇರ್ಬೇಕು ಅಂದ್ಕೊಂಡು, "ಧಾರಾಳವಾಗಿ ಸಾರ್," ಅಂದ. ಮೇಷ್ಟ್ರು ಅವನನ್ನ ಕರ್ಕೊಂಡ್ಹೋಗಿ ಕಂಪ್ಯೂಟರ್ ಮುಂದೆ ಕೂರ್ಸಿ, "ಇದೇ ನೋಡಿ ರೋಗಿ," ಅಂದು ಹೊರಗೆ ಬಂದ್ರು.

ಹೊರಗೆ ಟ್ಯಾಕ್ಸಿ ಪಕ್ಕ ಒಬ್ಬ ಹೆಂಗಸು, ಬ್ಯಾಗ್ ಹೆಗಲಿಗೆ ಹಾಕ್ಕೊಂಡು ನಿಂತಿದ್ಳು. ಹಿಂದಿನ ಸೀಟಲ್ಲಿ ಬಂದೋಳು. ಕೆಂಪು ಕಾರನ್ನ ಹಲ್ಲು ಕೀಳಿಸ್ಕೊಳ್ಳೋಕೆ ಬಂದೋರ ಥರ ನೋಡ್ತಿದ್ಳು. ಆ ನೋಟ ಮೇಷ್ಟ್ರಿಗೆ ಚೆನ್ನಾಗಿ ಗೊತ್ತು. ಹೊಸದಾಗಿ ಕಲಿಯೋಕೆ ಬರೋರೆಲ್ಲಾ ಹಂಗೇ ನೋಡೋದು.

"ಬಾಮ್ಮ, ಕೂತ್ಕೋ."

"ನಂಗೆ ಓಡಿಸೋಕೆ ಬರಲ್ಲ ಸಾರ್. ಆದ್ರೂ ಟೆಸ್ಟ್ ಮಾಡ್ತೀರಾ?"

"ಬರಲ್ಲ ಅಂತ ತಾನೇ ಬಂದಿರೋದು? ಕೂತ್ಕೋ."

ಅವಳು ಕೂತ್ಳು. ಬೇರೆಯೋರ ಥರ ಕೀಗೆ ಕೈ ಹಾಕ್ಲಿಲ್ಲ. ಮೇಷ್ಟ್ರ ಕಾಲ ಕೆಳಗಿನ ಬ್ರೇಕ್ ಏನು, ಅದನ್ನ ಒತ್ತಿದ್ರೆ ತನ್ನ ಕಡೆ ಏನಾಗುತ್ತೆ ಅಂತ ಕೇಳಿದ್ಳು. ಒಂದ್ಸಲ ಒತ್ತಿ ತೋರ್ಸಿ ಅಂದ್ಳು. ಆಮೇಲೆ, "ಹಿಂದಕ್ಕೆ ಹೋಗೋ ಗೇರ್ ಯಾವ್ದು?" ಅಂದ್ಳು.

"ಮುಂದಕ್ಕೆ ಹೋಗೋದು ಮೊದ್ಲು ಕಲಿಯಮ್ಮ ತಾಯಿ."

"ಇಲ್ಲ ಸಾರ್. ಮೊದ್ಲು ಹಿಂದಕ್ಕೆ."

ಮೇಷ್ಟ್ರು ಹೂಂ ಅಂದ್ರು, ಇನ್ನೇನು ಮಾಡ್ತಾರೆ? ಕೆಂಪು ಕಾರು ಕೆಮ್ಮಿ, ಉಗುಳಿ, ಹಿಂದಕ್ಕೆ ಹೊರಡ್ತು. ಜೋಮು ಹಿಡಿದ ಮೇಷ್ಟ್ರ ಕಾಲು ಏಳೋದ್ರೊಳಗೆ ನೆಟ್ಟಗೆ ಹೋಗಿ ಸ್ಕೂಲಿನ ಬೋರ್ಡಿಗೆ ಗುದ್ದಿತು. ಅಪ್ಪನ ಕಾಲದಿಂದ ಗಾಳಿಗೂ ಬಗ್ಗದ ಬೋರ್ಡು ಧೊಪ್ ಅಂತ ಮಲಗಿತು.

"ಅಲ್ಲಮ್ಮಾ, ಯಾರು ಹೇಳಿದ್ರು ನಿಂಗೆ ಹಿಂದಿಂದ ಶುರು ಮಾಡು ಅಂತ?"

"ಕ್ಷಮಿಸಿ ಸಾರ್, ಬೋರ್ಡ್ ನಾನೇ ನಿಲ್ಲಿಸಿಕೊಡ್ತೀನಿ. ಆದ್ರೆ ಏನಾದ್ರೂ ಎಡವಟ್ಟಾದ್ರೆ ಮೊದ್ಲಿದ್ದ ಜಾಗಕ್ಕೆ ವಾಪಸ್ ಬರೋ ದಾರಿ ಗೊತ್ತಿಲ್ದೆ ನಾನು ಯಾವ ಕೆಲಸಾನೂ ಮುಟ್ಟಲ್ಲ. ಅಭ್ಯಾಸ."

ಅಷ್ಟರಲ್ಲಿ ಒಳಗಿಂದ ಅಕ್ಕನ ಕೂಗು ಕೇಳ್ತು. ಓಡಿ ಹೋಗಿ ನೋಡ್ತಾರೆ, ಮೀಸೆಯಣ್ಣ ಕಂಪ್ಯೂಟರನ್ನ ಒದ್ದೆ ಬಟ್ಟೇಲಿ ಫಳಫಳ ಅನ್ನೋ ಹಂಗೆ ಒರೆಸಿ, ಮೌಸಿಗೆ ಎಣ್ಣೆ ಬಿಡ್ತಿದ್ದಾನೆ.

"ಇವನೇನಾ ನೀನು ಆರಿಸಿದ ಡೆವಲಪರ್ರು?" ಅಂದ್ಳು ಅಕ್ಕ.

"ನಾನು ಟ್ಯಾಕ್ಸಿಯೋನು ತಾಯಿ," ಅಂದ ಮೀಸೆಯಣ್ಣ. "ಡೆವಲಪರ್ ಈ ಮೇಡಮ್ಮು. ನಾನು ಕರ್ಕೊಂಡು ಬಂದೋನು."

ಬಾಗಿಲಲ್ಲಿ ನಿಂತಿದ್ದ ಹೆಂಗಸು ಕೈ ಎತ್ತಿ ತೋರ್ಸಿದ್ಳು. ಅವಳ ಕೂದಲಲ್ಲಿ ಇನ್ನೂ ಬೋರ್ಡಿನ ಬಣ್ಣದ ಚೂರು ಇತ್ತು.

ಅಕ್ಕ ತಮ್ಮನನ್ನ ಮೇಲಿಂದ ಕೆಳಗೆ ನೋಡಿದ್ಳು. "ಓಡ್ಸೋಕೆ ಬರೋನನ್ನ ಕಂಪ್ಯೂಟರಿಗೆ ಕೂರ್ಸಿದೀಯಾ, ಕಂಪ್ಯೂಟರ್ ಬರೋಳನ್ನ ಕಾರಿಗೆ ಕೂರ್ಸಿದೀಯಾ. ಅಪ್ಪ ಇದ್ದಿದ್ರೆ ನಿನ್ನನ್ನ ಡಿಕ್ಕೀಲಿ ಕೂರ್ಸ್ತಿದ್ದ. ಈಗೇನು, ಬೋರ್ಡ್ ಬೀಳಿಸಿದ ಇವಳನ್ನ ತಗೊಳ್ತೀಯಾ?"

ಮೇಷ್ಟ್ರು ಯೋಚ್ನೆ ಮಾಡಿದ್ರು. ಕನ್ನಡಕದೋನು ಬಿಚ್ಚೋಕೆ ಬಂದ. ವೀಡಿಯೋದೋನು ಹಾರೋಕೆ ಹೋದ. ವಾಪಸ್ ಬರೋ ದಾರಿ ಕೇಳಿದೋಳು ಇವಳೊಬ್ಳೇ.

"ತಗೊಳ್ತೀನಿ ಅಕ್ಕ," ಅಂದ್ರು. ಮಾಮೂಲಿ ಹೂಂ ಥರ ಇರ್ಲಿಲ್ಲ ಅದು. ಅಕ್ಕನ ಹುಬ್ಬು ಒಂಚೂರು ಮೇಲೆ ಹೋಯ್ತು.

ಡೆವಲಪರಮ್ಮ ಕೂತು, ಮೊದ್ಲು ಇರೋದನ್ನೆಲ್ಲಾ ಇದ್ದಂಗೇ ಒಂದು ನಕಲು ತೆಗೆದಿಟ್ಕೊಂಡ್ಳು. ಆಮೇಲೆ ಒಳಗೆಲ್ಲಾ ನೋಡಿದ್ಳು. ನೋಡ್ತಾ ನೋಡ್ತಾ ನಗು ಬಂತು ಅವಳಿಗೆ.

"ಸಾರ್, ಇದನ್ನ ಮಾಡ್ಸೋವಾಗ ಅವನಿಗೆ ಏನಂತ ಹೇಳಿದ್ರಿ?"

"ಜಾಸ್ತಿ ಏನಿಲ್ಲಮ್ಮ. ಬಂದೋರಿಗೆ ಬೇಜಾರಾಗ್ಬಾರ್ದು, ಯಾರಿಗೂ ಯಾವತ್ತೂ ಇಲ್ಲ ಅನ್ಬಾರ್ದು ಅಂದೆ."

"ಹಂಗೇ ಮಾಡಿದ್ದಾನೆ. ಯಾರು ಆರು ಗಂಟೆ ಕೇಳಿದ್ರೂ ಹೂಂ. ಕಾರು ಖಾಲಿ ಇದೆಯಾ ಅಂತ ನೋಡೋದೇ ಇಲ್ಲ. ಇದು ಕೆಟ್ಟಿಲ್ಲ ಸಾರ್. ನೀವು ಹೇಳಿದ ಮಾತು ಒಂಚೂರೂ ಮೀರಿಲ್ಲ."

ಅಕ್ಕ ಟೇಬಲ್ ತಟ್ಟಿ ನಕ್ಕಳು. "ಅಂಗೈ ಹುಣ್ಣಿಗೆ ಕನ್ನಡಿ ಬೇಕಾ! ನಾನು ಇಷ್ಟು ದಿನ ಮಿಷನ್ನಿಗೆ ಬೈದೆ. ಬೈಸ್ಕೋಬೇಕಾದೋನು ಪಕ್ಕದಲ್ಲೇ ನಿಂತಿದ್ದ."

"ನಾನು ಸರಿ ಮಾಡಿಕೊಡ್ತೀನಿ," ಅಂದ್ಳು ಡೆವಲಪರಮ್ಮ. "ಕಾರು ಖಾಲಿ ಇಲ್ದಿದ್ರೆ ಇಲ್ಲ ಅನ್ಬೇಕು. ಆದ್ರೆ ಆ ಮಾತು ಏನಿರ್ಬೇಕು ಅಂತ ನೀವೇ ಹೇಳ್ಬೇಕು ಸಾರ್. ಸ್ಕೂಲು ನಿಮ್ದು."

ಮೇಷ್ಟ್ರು ಬೆವರಿದ್ರು. ಹೇಳೋಕೆ ಶುರು ಮಾಡಿದ್ರು: "ತಾವು ಆರು ಗಂಟೆಗೆ ಬರಬಹುದು. ಬಂದ್ರೆ ಸಂತೋಷ. ಬರದಿದ್ರೆ ಇನ್ನೂ ಸಂತೋಷ."

"ಇದನ್ನ ಓದಿದೋರು ಮನೆಮಂದಿಯೆಲ್ಲಾ ಕರ್ಕೊಂಡು ಬರ್ತಾರೆ ಸಾರ್."

"ಹಂಗಾದ್ರೆ... ಕಾರಿಗೆ ಆರು ಗಂಟೆಗೆ ಸ್ವಲ್ಪ ಮೈ ಹುಷಾರಿರಲ್ಲ..."

"ನೋಡೋಕೆ ಹಣ್ಣು ತಗೊಂಡು ಬರ್ತಾರೆ," ಅಂದ ಮೀಸೆಯಣ್ಣ.

ಅಷ್ಟರಲ್ಲಿ ಅಂಗಳದಲ್ಲಿ ಯಾರೋ ಅಳತೆ ಟೇಪ್ ಎಳೆಯೋ ಸದ್ದು. ಕಾರು ತೊಳೆಯೋ ಅಂಗಡಿಯವನು! ಗೋಡೆಯಿಂದ ಗೋಡೆಗೆ ಅಳೀತಾ, ಬಿದ್ದ ಬೋರ್ಡ್ ನೋಡಿ, "ಓ, ಆಗ್ಲೇ ತೆಗೆಸೇಬಿಟ್ರಾ, ಒಳ್ಳೇದಾಯ್ತು," ಅಂತ ಒಳಗೆ ಬಂದ. "ಏನಕ್ಕಾ, ಮಾತು ಪಕ್ಕಾ ತಾನೇ?"

ಅಕ್ಕನ ನಗು ಹಾರಿಹೋಯ್ತು. ತಮ್ಮನ ಕಡೆ ನೋಡಿದ್ಳು. ನಾಲಿಗೆಯ ಹರಿತ ಎಲ್ಲೋ ಹೋಗಿ, ಧ್ವನಿ ಸಣ್ಣದಾಗಿತ್ತು.

"ಬಂದಿದ್ದಾನೆ ನೋಡು. ಕಂಪ್ಯೂಟರ್ ಹೆಂಗೋ ಸರಿ ಹೋಗುತ್ತೆ. ನಾನಿಲ್ದಿದ್ರೂ ನಡೆಯುತ್ತೆ ಇನ್ಮೇಲೆ. ಮಾರ್ಲೇನೋ?"

ಮೇಷ್ಟ್ರ ಬಾಯಿ ತಾನಾಗೇ ಗುಂಡಗಾಯ್ತು. "ಹೂ..."

"ಹೂಂ ಅಂದ್ರು, ಹೂಂ ಅಂದ್ರು!" ಅಂತ ಅಂಗಡಿಯವನು ಪೆನ್ ತೆಗೆದ.

ಕಾಲು ನೆಲಕ್ಕೆ ಒತ್ತಿತು. ಈ ಸಲ ಕಾಲು ಒತ್ತಿದ್ದು ಎಲ್ಲಿಗೆ ತಾಕಿತೋ ಏನೋ, ಬಾಯಲ್ಲಿ ಹೊರಟಿದ್ದ ಮಾತು ಅರ್ಧದಾರೀಲಿ ಗಕ್ಕನೆ ನಿಂತು, ಹಿಂದಕ್ಕೆ ಹೋಗಿ, ಗಂಟಲಲ್ಲಿ ತಿರುಗಿಸ್ಕೊಂಡು, ಬೇರೆಯಾಗಿ ಹೊರಗೆ ಬಂತು.

"ಇಲ್ಲ."

ಗೋಡೆ ಗಡಿಯಾರ ಟಿಕ್ ಅಂದಿದ್ದು ಟಕ್ ಅನ್ನೋದು ಮರೀತು. ಹೊರಗೆ ಕೆಂಪು ಕಾರು ಯಾರೂ ಮುಟ್ಟದೇನೇ ಒಂದ್ಸಲ ಸ್ಟಾರ್ಟ್ ಆಗಿ ಆಫ್ ಆಯ್ತು.

"ಏನಂದೆ?" ಅಂದ್ಳು ಅಕ್ಕ.

"ಇಲ್ಲ ಅಂದೆ. ಮಾರ್ಬೇಡ. ನೀನು ಎಲ್ಲೂ ಹೋಗ್ಬೇಡ ಅಕ್ಕ."

ಅಕ್ಕ ಸೆರಗಲ್ಲಿ ಮೂಗು ಒರೆಸ್ಕೊಂಡು ಬೈಯೋಕೆ ಶುರು ಮಾಡಿದ್ಳು. "ಇಷ್ಟು ಚಿಕ್ಕ ಮಾತಿಗೆ ಇಷ್ಟು ವರ್ಷ ತಗೊಂಡ್ಯಲ್ಲೋ ಮೂದೇವಿ! ನಂಗೇನು ಮಗಳ ಮನೇಲಿ ಕೂತು ಗೋಡೆ ನೋಡೋ ಆಸೆಯಾ? ಹೋಗ್ತೀನಿ ಅಂದಾಗೆಲ್ಲಾ ಹೂಂ, ಹೂಂ! ಬೇಡ ಅನ್ನೋಕೆ ಈ ಮನೇಲಿ ಒಬ್ಬನೂ ಇಲ್ವಾ ಅಂತ ನಾನೂ ನೋಡ್ತಿದ್ದೆ."

ಅಂಗಡಿಯವನಿಗೆ ಇದು ಚೌಕಾಸಿ ಅನ್ನಿಸ್ತು. "ಹಂಗಾದ್ರೆ ಒಂದು ಮೂಲೆಯಾದ್ರೂ ಕೊಡಿ ಮೇಷ್ಟ್ರೇ."

"ಇಲ್ಲ," ಅಂದ್ರು ಮೇಷ್ಟ್ರು. ಹೊಸ ರುಚಿ ನಾಲಿಗೆಗೆ ಹತ್ತಿತ್ತು.

"ಹೋಗ್ಲಿ, ನಿಮ್ಮ ಕಾರಾದ್ರೂ ತೊಳೆದುಕೊಡ್ಲಾ?"

"ಇಲ್..."

"ಅದಕ್ಕೆ ಹೂಂ ಅನ್ನೋ!" ಅಂದ್ಳು ಅಕ್ಕ. "ಎಷ್ಟು ಕೊಳಕಾಗಿದೆ ನೋಡಿದೀಯಾ?"

ಡೆವಲಪರಮ್ಮ ಭಾನುವಾರವೂ ಕೂತು ಕೆಲಸ ಮುಗಿಸಿದ್ಳು. ಮೀಸೆಯಣ್ಣನಿಗೆ ಒಂದ್ಸಲ ಕೆಲಸ ಕೊಟ್ಟಾಗಿದೆ, ಇನ್ನು ಕಿತ್ಕೊಳ್ಳೋದು ಹೆಂಗೆ ಅಂತ ಮೇಷ್ಟ್ರು ಒದ್ದಾಡ್ತಿದ್ದಾಗ ಅಕ್ಕಾನೇ ತನ್ನ ಕಾರಿನ ಕೀ ತೆಗೆದು ಅವನ ಕೈಗೆ ಹಾಕಿ, "ಮೌಸಿಗೆ ಮಾತ್ರ ಎಣ್ಣೆ ಬಿಡ್ಬೇಡ," ಅಂದ್ಳು.

ಸೋಮವಾರ ಆರು ಗಂಟೆಗೆ ಒಬ್ಬರಿಗೆ ಮಾತ್ರ ಪಾಠ ಅಂತ ಸಂದೇಶ ಹೋಯ್ತು. ಉಳಿದೋರಿಗೆಲ್ಲಾ ನೆಟ್ಟಗೆ ಹೋಯ್ತು: ಇಲ್ಲ, ಆ ಹೊತ್ತಿಗೆ ಕಾರು ಖಾಲಿ ಇಲ್ಲ. ಎಲ್ಲಾ ಸರಿ ಹೋಯ್ತು ಅಂತ ಮೇಷ್ಟ್ರು ಬೆಳಿಗ್ಗೆ ಬಾಗ್ಲು ತೆಗೆದ್ರೆ, ಅಂಗಳದ ತುಂಬಾ ಜನ! ಮೊದಲಿಗಿಂತ ಜಾಸ್ತಿ. ಪಾಠಕ್ಕೆ ಸೇರ್ದೇ ಇದ್ದೋರು ಕೂಡ.

"ಏನ್ರಪ್ಪಾ ಇದು? ಸಂದೇಶ ಬರ್ಲಿಲ್ವಾ?"

"ಬಂತು ಮೇಷ್ಟ್ರೇ," ಅಂದ್ರು ಎಲ್ಲರ ಮುಂದೆ ನಿಂತಿದ್ದ ಮುದುಕರೊಬ್ಬರು. "ಆದ್ರೆ ನೀವು ಇಲ್ಲ ಅಂದ್ರಿ ಅಂದ್ರೆ ಯಾರು ನಂಬ್ತಾರೆ? ನಿಮ್ಮ ಬಾಯಲ್ಲೇ ಒಂದ್ಸಲ ಕೇಳಿ ಹೋಗೋಣ ಅಂತ ಬಂದ್ವಿ."

ಮೇಷ್ಟ್ರು ಗಂಟಲು ಸರಿ ಮಾಡ್ಕೊಂಡ್ರು. ಗೇಟಿನ ಹತ್ರ ನಿಂತು, ಸಾಲಾಗಿ ಒಬ್ಬೊಬ್ಬರಿಗೂ ಇಲ್ಲ, ಇಲ್ಲ ಅಂತ ಹೇಳ್ತಾ ಹೋದ್ರು. ಕೇಳ್ಕೊಂಡೋರೆಲ್ಲಾ ಕೈ ಕುಲುಕಿ, ಖುಷಿಯಾಗಿ ಮನೆ ಕಡೆ ಹೊರಟ್ರು. ಕೌಂಟರಿಂದ ಅಕ್ಕ ಚಹಾ ಹೀರ್ತಾ ಕೂಗಿದ್ಳು:

"ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳೋ! ಹಿಂದಿನೋರಿಗೆ ಕೇಳಿಸ್ತಿಲ್ಲ."